ನೆತ್ತಿಗಿಟ್ಟ ಪುಸ್ತಕ

ನನ್ನ ಹಳೆಯ ಟ್ರಂಕಿನಿಂದ ಆ ಫೋಟೋವನ್ನು ಹೊರತೆಗೆದವಳು ನನ್ನ ಮಗಳು. ನನ್ನನ್ನು ಕೇಳಲಿಲ್ಲ, ಆದರೆ ಒಳ್ಳೆಯ ಮನಸ್ಸಿನಿಂದಲೇ ತೆಗೆದಳು. ಪರದೇಶದಲ್ಲಿ, ಸೆಂಬವಾಂಗಿನಲ್ಲಿರುವ ಅವಳ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಅದನ್ನಿಟ್ಟು, ಮೊಬೈಲಿನಲ್ಲಿ ಕ್ಲಿಕ್ಕಿಸಿ, ನಮ್ಮ ಭಾನುವಾರದ ಪ್ರಾರ್ಥನಾ ಕೂಟದ ಮಿಷನ್ ಕಮಿಟಿಗೆ ಕಳಿಸಿಯೂ ಆಗಿತ್ತು. ನಾನು ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದು ಬಂದಾಗ ಅವಳ ಮುಖ ಅರಳಿತ್ತು.

"ಪಪ್ಪ, ಮಿಷನ್ ಸಂಡೇಗೆ ಇದನ್ನೇ ಸ್ಕ್ರೀನ್ ಮೇಲೆ ಹಾಕ್ತಾರಂತೆ. ನೀವು ಒಂದು ಹತ್ತು ನಿಮಿಷ ಟೆಸ್ಟಿಮನಿ ಕೊಡ್ಬೇಕಂತೆ. ನಾನು ಓಕೆ ಅಂದ್ಬಿಟ್ಟೆ."

ಫೋಟೋದಲ್ಲಿ ವಯಸ್ಸಾದ ಒಬ್ಬ ಟಿಬೆಟನ್ ಹೆಂಗಸು ಇದ್ದಾರೆ. ಸೊಂಟಕ್ಕೆ ಬಣ್ಣಬಣ್ಣದ ಪಟ್ಟೆಗಳ ಏಪ್ರನ್ ಕಟ್ಟಿದ್ದಾರೆ. ಕಣ್ಣು ಮುಚ್ಚಿ, ಎರಡೂ ಕೈಗಳಿಂದ ಒಂದು ಸಣ್ಣ ಪುಸ್ತಕವನ್ನು ನೆತ್ತಿಗೆ ಒತ್ತಿಕೊಂಡಿದ್ದಾರೆ. ಅದು ಟಿಬೆಟನ್ ಲಿಪಿಯಲ್ಲಿ ಅಚ್ಚಾದ ಸುವಾರ್ತೆಯ ಪುಸ್ತಕ. ಕೆಳಗೆ ನನ್ನ ಅಕ್ಷರದಲ್ಲಿ 'ಬೆಳಕನ್ನು ಕಂಡ ತಾಯಿ' ಎಂದು ಬರೆದಿದೆ.

ಆ ತಾಯಿ ನಮ್ಮ ಮತಕ್ಕೆ ಬಂದವರಲ್ಲ, ಬರುವ ಮನಸ್ಸೂ ಅವರಿಗಿರಲಿಲ್ಲ. ಫೋಟೋ ತೆಗೆಯುವಾಗಲೇ ನನಗೆ ಅದು ಗೊತ್ತಿತ್ತು. ಇದನ್ನು ಇಲ್ಲಿಯವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ, ದೇವರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ.

ನಾನು ಕರಾವಳಿಯ ಕ್ರೈಸ್ತ ಮನೆಯವನು, ಎಸ್ಸೆಸ್ಸೆಲ್ಸಿ ಪಾಸಾದವನು. ಮಿಷನ್ನಿಗೆ ಸೇರಿದ್ದು ಜೀಪು ಓಡಿಸಲು. ನಮ್ಮ ರಾಜ್ಯದಲ್ಲೇ ಇದ್ದ ಒಂದು ಟಿಬೆಟನ್ ಕ್ಯಾಂಪಿನ ಹತ್ತಿರ ಮಿಷನ್ನಿನವರು ಕ್ಷಯರೋಗದ ಕ್ಲಿನಿಕ್ ತೆರೆದಿದ್ದರು. ಕುಡಿಯುವ ನೀರಿನ ಪೈಪು ಹಾಕಿಸುವುದು, ಹೆಂಗಸರಿಗೆ ಹೆಣಿಗೆ ಯಂತ್ರ ಕೊಡಿಸುವುದು ಇಂಥ ಕೆಲಸಗಳೂ ಇದ್ದವು. ನನ್ನ ಅಕ್ಷರ ಚೆನ್ನಾಗಿದೆ ಎಂದು ವರದಿ ಬರೆಯುವ ಕೆಲಸವನ್ನೂ ನನಗೇ ಒಪ್ಪಿಸಿದರು. ಅಲ್ಲಿ ಕಾಯಂ ಆಗಿ ಇದ್ದವರು ಇಬ್ಬರೇ. ನಾನು, ಮತ್ತು ಮಿಜೋರಾಮಿನಿಂದ ಬಂದಿದ್ದ ಒಬ್ಬ ನರ್ಸ್. ಅವರನ್ನು ನಾನು ಸಿಸ್ಟರ್ ಎನ್ನುತ್ತಿದ್ದೆ. ಅವರು ನನಗಿಂತ ಚಿಕ್ಕವರು, ನನ್ನನ್ನು ಅಣ್ಣ ಎನ್ನುತ್ತಿದ್ದರು.

ಅವರ ಊರಿನಲ್ಲಿ ಹೆಂಗಸರು ಪ್ರತಿ ಸಲ ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿಯನ್ನು ಚರ್ಚಿನ ಸಭೆಗೆಂದು ಬೇರೆ ತೆಗೆದಿಡುತ್ತಾರೆ. ಹಾಗೆ ಕೂಡಿದ ಅಕ್ಕಿಯನ್ನು ಮಾರಿ ದೂರದ ಊರುಗಳಿಗೆ ಸೇವಕರನ್ನು ಕಳಿಸುತ್ತಾರೆ. "ನಾನು ಅಕ್ಕಿಯಿಂದ ಬಂದವಳು, ಅಣ್ಣ," ಎಂದು ಅವರು ನಗುತ್ತಿದ್ದರು. ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ತಮ್ಮೊಬ್ಬರಿಗೇ ಬೇಯಿಸಿಕೊಳ್ಳುವಾಗಲೂ ಹಿಡಿ ಅಕ್ಕಿ ತೆಗೆದು ಡಬ್ಬಿಗೆ ಹಾಕುತ್ತಿದ್ದರು. ಡಬ್ಬಿ ತುಂಬಿದಾಗ ಕ್ಯಾಂಪಿನಲ್ಲಿ ಕಾಯಿಲೆ ಬಿದ್ದವರ ಮನೆಗೆ ಹೋಗುತ್ತಿತ್ತು.

"ಸಿಸ್ಟರ್, ನಿಮ್ಮ ಪಾತ್ರೆಗಿಂತ ಡಬ್ಬಿಗೇ ಜಾಸ್ತಿ ಹೋಗ್ತದಲ್ಲ," ಎಂದು ನಾನು ಕೆಣಕಿದರೆ, "ಅದಕ್ಕೇ ನಾನು ಸಣ್ಣ, ನೀವು ದಪ್ಪ," ಎನ್ನುತ್ತಿದ್ದರು.

ಬೆಳಿಗ್ಗೆ ಮನೆಮನೆಗೆ ಹೋಗಿ, ರೋಗಿ ಮಾತ್ರೆ ನುಂಗುವವರೆಗೆ ಎದುರಿಗೇ ನಿಂತು ನೋಡಿ ಬರುವುದು ಅವರ ಕೆಲಸ. ಅದಕ್ಕೆ ಅವರದೊಂದು ಕಟ್ಟುನಿಟ್ಟು ಇತ್ತು. ಮಾತ್ರೆ ಕೊಡುವ ಕೈಯಲ್ಲಿ ಪುಸ್ತಕ ಇರಬಾರದು. ನಮ್ಮ ಆಫೀಸಿನಿಂದ ಟಿಬೆಟನ್ ಸುವಾರ್ತೆಗಳ ಕಟ್ಟು ಬಂದಾಗ ಅವರು ಅದನ್ನು ತಮ್ಮ ಕೋಣೆಗೆ ಒಯ್ದರು. ಬೇಕಾದವರು ಭಾನುವಾರ ಅಲ್ಲಿಗೇ ಬಂದು ಕೇಳಬಹುದು, ಚಹಾ ಕುಡಿದು ಹೋಗಬಹುದು. "ಕಾಯಿಲೆಯವರು ಬೇಡ ಅನ್ನೋಕಾಗಲ್ಲ ಅಣ್ಣ. ಬೇಡ ಅನ್ನೋಕಾಗದವರಿಗೆ ಕೊಡಬಾರದು." ಭಾನುವಾರ ಬರುತ್ತಿದ್ದವರು ತೀರ ಕಡಿಮೆ. ಅದರಿಂದ ಅವರಿಗೆ ಬೇಸರವಾದದ್ದನ್ನು ನಾನು ನೋಡಲಿಲ್ಲ.

ಬೇಸರವಾಗುತ್ತಿದ್ದದ್ದು ಆಫೀಸಿಗೆ. ಇಷ್ಟು ಕಾಲದಿಂದ ಕ್ಲಿನಿಕ್ ನಡೆಸುತ್ತಿದ್ದೀರಿ, ತೋರಿಸಲು ಏನಿದೆ ಎಂದು ಕೇಳುತ್ತಿದ್ದರು. ಅವರಿಗೆ ಉತ್ತರ ಬರೆಯಬೇಕಾದವನು ನಾನು.

ಒಂದು ದಿನ ಸಿಸ್ಟರ್ ಔಷಧ ತರಲು ಪೇಟೆಗೆ ಬಸ್ಸಿನಲ್ಲಿ ಹೋಗಿದ್ದರು. ಆ ದಿನದ ಮಾತ್ರೆ ಕೊಡುವುದನ್ನು ನನಗೆ ವಹಿಸಿದ್ದರು. ನಾನು ಅವರ ಕೋಣೆಯಿಂದ ಒಂದು ಪುಸ್ತಕ ತೆಗೆದುಕೊಂಡೆ, ಆಫೀಸಿನ ಕ್ಯಾಮೆರಾವನ್ನು ಕುತ್ತಿಗೆಗೆ ಹಾಕಿಕೊಂಡೆ. ನಮ್ಮ ರೋಗಿಗಳಲ್ಲಿ ಒಬ್ಬರಾಗಿದ್ದ ಆ ತಾಯಿಯ ಮನೆಗೆ ಹೋಗಿ ಕಿಟಕಿಯ ಬೆಳಕಿಗೆ ಅವರನ್ನು ನಿಲ್ಲಿಸಿ, ಮಾತ್ರೆ ನುಂಗಿದ ಮೇಲೆ ಪುಸ್ತಕ ಕೊಟ್ಟೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ನೆತ್ತಿಗೆ ಮುಟ್ಟಿಸಿಕೊಂಡರು.

ಟಿಬೆಟನ್ನರಿಗೆ ತಮ್ಮ ಅಕ್ಷರವೆಂದರೆ ಪವಿತ್ರ. ಅಚ್ಚಾದ ಹಾಳೆ ನೆಲದಲ್ಲಿದ್ದರೆ ದಾಟುವುದಿಲ್ಲ, ಎತ್ತಿ ಮೇಲಿಡುತ್ತಾರೆ. ಇದೇ ತಾಯಿ ಮೊಮ್ಮಗನ ಶಾಲೆಯ ಪಾಠಪುಸ್ತಕವನ್ನು ಹೀಗೆಯೇ ನೆತ್ತಿಗಿಟ್ಟುಕೊಂಡದ್ದನ್ನು ನಾನು ನೋಡಿದ್ದೆ. ಹರಿದ ಕ್ಯಾಲೆಂಡರಿನ ಹಾಳೆಯನ್ನೂ ಇಟ್ಟುಕೊಂಡಿದ್ದರು. ಹೊರಗಿನಿಂದ ಬಂದ ಒಬ್ಬ ದೊಡ್ಡ ಮನುಷ್ಯ ಅದನ್ನು ನೋಡಿ ಭ್ರಮೆಪಟ್ಟಿದ್ದರೆ ಕ್ಷಮಿಸಬಹುದಿತ್ತು. ಭ್ರಮೆಪಡಲು ನನಗೆ ಅವಕಾಶವೇ ಇರಲಿಲ್ಲ. ನಾನು ಆ ಮನೆಯ ಉಪ್ಪು ಹಾಕಿದ ಚಹಾ ಎಷ್ಟೋ ಸಲ ಕುಡಿದವನು.

ಫೋಟೋ, ನಾನು ಬರೆದ ಆ ಸಾಲಿನೊಡನೆ, ಮಿಷನ್ನಿನ ಪತ್ರಿಕೆಯ ಮುಖಪುಟಕ್ಕೆ ಬಂತು. ಆಫೀಸಿನವರು ಬೆನ್ನು ತಟ್ಟಿದರು. ಸಿಸ್ಟರ್ ಅದನ್ನು ಒಮ್ಮೆ ನೋಡಿದರು. ಪತ್ರಿಕೆ ಮಡಚಿ ನನ್ನ ಕೈಗೆ ವಾಪಸ್ ಕೊಟ್ಟರು, ಅಷ್ಟೆ. ಆಮೇಲೆ ಯಾರೋ ಒಂದು ಪ್ರತಿಯನ್ನು ಕ್ಯಾಂಪಿಗೆ ಒಯ್ದರು.

ಅಲ್ಲಿ ಯಾರೂ ಜಗಳಕ್ಕೆ ಬರಲಿಲ್ಲ, ಬೈಯಲೂ ಇಲ್ಲ. ಬೆಳಿಗ್ಗೆ ಜಪಮಾಲೆ ಹಿಡಿದು ದೇವಾಲಯದ ಸುತ್ತ ಒಟ್ಟಿಗೆ ನಡೆಯುತ್ತಿದ್ದ ಮುದುಕಿಯರು ಆ ತಾಯಿಯನ್ನು ಕರೆಯುವುದನ್ನು ಬಿಟ್ಟರು. ಅವರು ಹಿಂದಿನಿಂದ ಸೇರಿಕೊಂಡರೆ ಉಳಿದವರು ಹೆಜ್ಜೆ ಬೇಗ ಹಾಕುತ್ತಿದ್ದರು. ಭಿಕ್ಷುವಾಗಿದ್ದ ಅವರ ತಮ್ಮ ಮನೆಗೆ ಊಟಕ್ಕೆ ಬರುವುದು ನಿಂತಿತು. ಕ್ಲಿನಿಕ್ಕಿಗೂ ಜನ ಕಡಿಮೆಯಾದರು. ಮಾತ್ರೆಯನ್ನು ಅರ್ಧಕ್ಕೇ ಬಿಟ್ಟವರೂ ಇದ್ದರು. ಅವರಿಗೆಲ್ಲ ಮುಂದೆ ಏನಾಯಿತೆಂದು ನಾನು ವಿಚಾರಿಸಲಿಲ್ಲ. ವಿಚಾರಿಸಿದರೆ ಗೊತ್ತಾಗುತ್ತಿತ್ತಲ್ಲ.

ಆ ತಾಯಿ ಒಂದು ಸಂಜೆ ಜೀಪಿನ ಹತ್ತಿರ ಬಂದರು. ಕೈಯಲ್ಲಿ ಆ ಪತ್ರಿಕೆ ಇತ್ತು. ಸಂತೆಯಲ್ಲಿ ಸ್ವೆಟರ್ ಮಾರಿ ಕಲಿತ ಕನ್ನಡದಲ್ಲಿ ಹೇಳಿದರು. "ಮಗಾ, ನಾನು ಬಿಟ್ಟಿಲ್ಲ, ನಮ್ಮ ದೇವರು ಬಿಟ್ಟಿಲ್ಲ. ನೀನು ಬರೆದಿದ್ದು. ನೀನೇ ಬಂದು ಹೇಳು ಅವರಿಗೆ."

"ನಾಳೆ ಬೆಳಿಗ್ಗೆ ಬರ್ತೇನೆ ಅಮ್ಮ," ಎಂದೆ.

ಮರುದಿನ ಬೆಳಿಗ್ಗೆ ಜೀಪಿನ ಟೈರಿಗೆ ಪಂಚರ್ ಹಾಕಿಸಬೇಕೆಂದು ಪೇಟೆಗೆ ಹೋದೆ. ಟೈರು ಸರಿಯಾಗಿಯೇ ಇತ್ತು.

ಕೆಲವು ದಿನ ಕಾದು ನೋಡಿ ಸಿಸ್ಟರೇ ಕ್ಯಾಂಪಿನ ಮುಖಂಡರ ಹತ್ತಿರ ಹೋದರು, ಪತ್ರಿಕೆಯಲ್ಲಿ ಬಂದದ್ದು ಸುಳ್ಳು ಎಂದರು. ಬರೆದವನು ಯಾಕೆ ಬರಲಿಲ್ಲ ಎಂದು ಅವರು ಕೇಳಿದರಂತೆ. ಬರೆದವನೇ ಬಾರದಿದ್ದ ಮೇಲೆ ಈ ಹುಡುಗಿಯ ಮಾತಿಗೆ ಏನು ಬೆಲೆ? ಸುದ್ದಿ ನಮ್ಮ ಆಫೀಸಿಗೂ ಮುಟ್ಟಿತು. ಮಿಷನ್ನಿನ ಪತ್ರಿಕೆಯೇ ಸುಳ್ಳು ಎಂದು ಹೊರಗಿನವರ ಎದುರು ಹೇಳಿದ ನರ್ಸನ್ನು ಅವರು ಇಟ್ಟುಕೊಳ್ಳಲಿಲ್ಲ. ವಿಚಾರಣೆಗೆ ಬಂದವರು ನನ್ನನ್ನೂ ಕೇಳಿದರು. ನನಗೇನೂ ಗೊತ್ತಿಲ್ಲ ಎಂದೆ.

ಹೊರಡುವ ದಿನ ಬಸ್ ನಿಲ್ದಾಣಕ್ಕೆ ಸಿಸ್ಟರನ್ನು ಜೀಪಿನಲ್ಲಿ ಬಿಟ್ಟವನು ನಾನೇ. "ಆ ಹೆಂಗಸರು ಒಂದೊಂದು ಹಿಡಿ ಅಕ್ಕಿ ತೆಗೆದು ನನ್ನನ್ನು ಕಳಿಸಿದ್ರು ಅಣ್ಣ. ಅವರಿಗೆ ಏನು ಹೇಳಲಿ?" ಎಂದರು. ನಾನು ಅವರ ಟ್ರಂಕನ್ನು ಬಸ್ಸಿನ ಮೇಲೆ ಏರಿಸಿ ಹಗ್ಗ ಬಿಗಿಯುತ್ತಿದ್ದೆ. ಬಹಳ ಹೊತ್ತು ಬಿಗಿದೆ. ಅವರು ಈಗ ಎಲ್ಲಿದ್ದಾರೋ ತಿಳಿಯದು.

ಮುಂದೆ ನನ್ನನ್ನು ಸೂಪರ್‌ವೈಸರ್ ಮಾಡಿದರು. ಮಗಳಿಗೆ ಮಿಷನ್ ಶಾಲೆಯ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು.

ಇಷ್ಟನ್ನೂ ಆ ಮಧ್ಯಾಹ್ನ ಮಗಳಿಗೆ ಹೇಳಿದೆ. ಅವಳು ಫೋಟೋವನ್ನು ನೋಡುತ್ತ ಕೂತಿದ್ದಳು.

"ಹಾಸ್ಟೆಲ್ ಗೋಡೆ ಮೇಲೆ ಇದೇ ಫೋಟೋ ಇತ್ತು ಪಪ್ಪ. ನಮ್ಮ ಪಪ್ಪ ತೆಗೆದಿದ್ದು ಅಂತ ಎಲ್ರಿಗೂ ತೋರಿಸ್ತಿದ್ದೆ ನಾನು."

ಆಮೇಲೆ ಒಂದೆರಡು ದಿನ ನನ್ನೊಡನೆ ಊಟಕ್ಕೆ ಕರೆಯುವಷ್ಟು ಮಾತ್ರ ಮಾತಾಡಿದಳು. ತಂಜಾಂಗ್ ಪಗಾರಿನ ಬ್ಯಾಂಕಿನ ಕೆಲಸದಿಂದ ಬಂದವಳೇ ಕೋಣೆ ಸೇರಿಕೊಳ್ಳುತ್ತಿದ್ದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ದಣಿವಾಗಿತ್ತು.

ಕಮಿಟಿಯ ಮುಖ್ಯಸ್ಥ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಯುವಕ. ಬೆಡೋಕಿನಲ್ಲಿ, ಸಾಲು ತಿಂಡಿ ಅಂಗಡಿಗಳಿರುವ ಹಾಕರ್ ಸೆಂಟರಿನಲ್ಲಿ ಅವನನ್ನು ಕಂಡೆ. ಕಾಫಿ ತಂದಿಟ್ಟು, ಲ್ಯಾಪ್‌ಟಾಪ್ ತೆರೆದು, "ಅಂಕಲ್, ಇದು ಫೋಟೋ ಅಲ್ಲ, ಒಂದು ಫುಲ್ ಸರ್ಮನ್! ಲೈವ್ ಹೋಗತ್ತೆ, ಇಂಡಿಯಾದಲ್ಲೂ ಎಲ್ರೂ ನೋಡ್ತಾರೆ," ಎಂದ. ನಾನು ನಡೆದದ್ದನ್ನು ಹೇಳಿದೆ. ಅವನ ಕಾಫಿ ತಣ್ಣಗಾಯಿತು.

"ಅಯ್ಯೋ, ಎಷ್ಟೋ ವರ್ಷ ಆಯ್ತಲ್ಲ ಅಂಕಲ್. ಬೇಕಾದ್ರೆ ಮುಖ ಬ್ಲರ್ ಮಾಡ್ಬಿಡೋಣ."

"ಮುಖ ಮುಚ್ಚಿದ್ರೂ ಆ ಏಪ್ರನ್ನು, ಆ ಕಿಟಕಿ ಕ್ಯಾಂಪಿನವರಿಗೆ ಗೊತ್ತಾಗ್ತದೆ. ಅವರ ಮಕ್ಕಳು ಇನ್ನೂ ಅಲ್ಲೇ ಇರಬಹುದು. ಈ ಸುಳ್ಳು ಇನ್ನೊಂದು ಸಲ ಅವರ ಮನೆಗೆ ಹೋಗ್ಬಾರದಪ್ಪ."

"ನೀವು ಸ್ಟೇಜ್ ಮೇಲೆ ಇದನ್ನೇ ಹೇಳಿ ಅಂಕಲ್. ಇನ್ನೂ ಪವರ್‌ಫುಲ್ ಆಗತ್ತೆ."

"ಬೇಡ. ನನಗೆ ಚಪ್ಪಾಳೆ ತಟ್ಟಿಬಿಡ್ತೀರಿ."

ಅವನು ಲ್ಯಾಪ್‌ಟಾಪಿನ ಒಂದು ಕೀ ಒತ್ತಿದ. ಫೋಟೋ ಹೋಗಿ ಆ ಜಾಗದಲ್ಲಿ ಯಾವುದೋ ಹಿಮದ ಬೆಟ್ಟ ಬಂತು. ನನ್ನ ಕಪ್ಪನ್ನೂ ತಾನೇ ಎತ್ತಿಕೊಂಡು ಹೋದ.

ಅಂದು ಸಂಜೆ ಮಗಳು ಕೋಣೆಯಿಂದ ಹೊರಗೆ ಬಂದು ಮೊಬೈಲನ್ನು ನನ್ನ ಮುಂದಿಟ್ಟಳು. ಕ್ಯಾಂಪಿನ ಹೆಸರು ಹಾಕಿ ಹುಡುಕಿ ಒಂದೊಂದು ಅಂಗಡಿಗೂ ಫೋನ್ ಮಾಡಿದ್ದಳಂತೆ. "ಸ್ಕ್ರೀನಿಂದ ಫೋಟೋ ತೆಗ್ಸಿಬಿಟ್ರೆ ಮುಗೀತಾ ಪಪ್ಪ? ಆ ಅಮ್ಮನ ಮಗಳ ನಂಬರ್ ಇದು. ಮಾತಾಡಿ."

"ಹಲೋ, ಸ್ವೆಟರ್ ಹೋಲ್‌ಸೇಲಾ?" ಎಂದಿತು ಆ ಕಡೆಯ ದನಿ. ನಾನು ಯಾರೆಂದು ಹೇಳಿದೆ. ಅವರು ಅಂಗಡಿಯ ಗದ್ದಲದಿಂದ ಆಚೆ ಬಂದದ್ದು ಕೇಳಿಸಿತು.

"ಅಮ್ಮ ಹೋಗಿ ಬಹಳ ವರ್ಷ ಆಯ್ತು," ಎಂದರು ಅವರು. ನಾನು ಸುಳ್ಳು ಬರೆದೆ, ತಪ್ಪಾಯಿತು ಎಂದೆ. "ನನಗೆ ಹೇಳಿ ಏನು ಮಾಡ್ತೀರಿ? ನನಗೆ ಗೊತ್ತೇ ಇದೆ. ಅಮ್ಮನ ಜೊತೆ ನಡೀತಿದ್ದವರಿಗೆ ಹೇಳ್ಬೇಕಿತ್ತು. ಈಗ ಒಬ್ಬರೇ ಉಳಿದಿದ್ದಾರೆ, ಇಲ್ಲೇ ವೃದ್ಧಾಶ್ರಮದಲ್ಲಿ. ನಾಳೆ ನಾನು ಅಲ್ಲಿಗೆ ಹೋಗಿ ವಿಡಿಯೋ ಕಾಲ್ ಮಾಡ್ತೀನಿ. ಕಿವಿ ಕೇಳಲ್ಲ ಅವರಿಗೆ, ಜೋರಾಗಿ ಹೇಳ್ಬೇಕು."

ಮರುದಿನ ಮಗಳು ಮನೆಯಿಂದಲೇ ಆಫೀಸಿನ ಮೀಟಿಂಗಿನಲ್ಲಿದ್ದಳು. ನಾನು ಮೊಬೈಲ್ ಹಿಡಿದು ಕಟ್ಟಡದ ಕೆಳಗೆ ಎಲ್ಲರೂ ಕೂರುವ ತೆರೆದ ಜಾಗಕ್ಕೆ, ವಾಯ್ಡ್ ಡೆಕ್ಕಿಗೆ, ಇಳಿದೆ. ಪರದೆಯ ಮೇಲೆ ಒಬ್ಬ ಮುದುಕಿ ಬಂದರು. ಬಾಯಲ್ಲಿ ಹಲ್ಲಿಲ್ಲ, ಕೈಯಲ್ಲಿ ಜಪಮಾಲೆ. ಪಕ್ಕದ ಬೆಂಚಿನಲ್ಲಿ ಇನ್ನೂ ಕೆಲವರು ವಯಸ್ಸಾದವರು ಕೂತಿದ್ದರು.

"ಅವರು ಮತ ಬದಲಾಯಿಸಿರಲಿಲ್ಲ," ಎಂದೆ.

"ಏನು?"

"ಅವರು ಬದಲಾಗಿರಲಿಲ್ಲ! ನಾನು ಸುಳ್ಳು ಬರೆದೆ! ಸುಳ್ಳು!" ಎಂದು ಕೂಗಿದೆ. ಕಲ್ಲುಬೆಂಚಿನಲ್ಲಿ ಚೆಸ್ ಆಡುತ್ತಿದ್ದ ಚೀನೀ ಮುದುಕರು ಆಟ ನಿಲ್ಲಿಸಿ ನನ್ನತ್ತ ತಿರುಗಿದರು.

ಆಕೆ ಪಕ್ಕದವರತ್ತ ತಿರುಗಿ ತಮ್ಮ ಭಾಷೆಯಲ್ಲಿ ಜೋರಾಗಿ ಏನೋ ಹೇಳಿದರು. ಅವರೆಲ್ಲ ಪರದೆಯ ಕಡೆಗೆ ಬಗ್ಗಿ ನನ್ನನ್ನು ನೋಡಿದರು. ಆಕೆ ಮತ್ತೆ ನನ್ನ ಕಡೆಗೆ ತಿರುಗಿ ಕನ್ನಡದಲ್ಲಿ ಹೇಳಿದರು. "ಅವತ್ತು ಅವಳು ನಮ್ಮನ್ನೆಲ್ಲ ಮನೆಗೆ ಕರೆದಳು. ಹುಡುಗ ಬಂದು ಹೇಳ್ತಾನೆ, ಬನ್ನಿ ಅಂದಳು. ನಾವು ಬಂದು ಕೂತ್ವಿ. ಚಹಾ ಹಾಕ್ತಾ ಇದ್ದಳು, ಕುಡೀತಾ ಇದ್ವಿ. ಮಧ್ಯಾಹ್ನ ಆಯ್ತು. ನೀನು ಬರಲಿಲ್ಲ. ಯಾಕೆ?"

ನನಗೆ ಇದು ಗೊತ್ತಿರಲಿಲ್ಲ. ಆ ತಾಯಿ ಒಬ್ಬರೇ ಕಾದಿದ್ದರು ಎಂದುಕೊಂಡಿದ್ದೆ.

"ಹೆದರಿದೆ," ಎಂದೆ.

"ಏನು?"

"ಕೆಲಸ ಹೋಗ್ತದೆ ಅಂತ ಹೆದರಿದೆ!"

ಆಕೆ ಜಪಮಾಲೆಯ ಒಂದು ಮಣಿ ಸರಿಸಿದರು. "ನಾವೂ ಬೇಗ ಎದ್ದು ಹೋದ್ವಿ," ಎಂದರು. "ಇನ್ನೂ ಸ್ವಲ್ಪ ಕೂತಿರಬೇಕಿತ್ತು." ನಂತರ ಕೈ ನೋಯುತ್ತಿದೆಯೆಂದು ಮೊಬೈಲನ್ನು ಆ ತಾಯಿಯ ಮಗಳ ಕೈಗೆ ಕೊಟ್ಟುಬಿಟ್ಟರು. ಪರದೆಯಲ್ಲಿ ಛಾವಣಿ, ಫ್ಯಾನು, ಯಾರದೋ ಭುಜ ಕಾಣಿಸಿತು. ಬೆಂಚಿನ ಕಡೆಯಿಂದ ಅವರ ಭಾಷೆಯ ಮಾತು ಕೇಳುತ್ತಲೇ ಇತ್ತು. ಅದರ ನಡುವೆ ಆ ತಾಯಿಯ ಹೆಸರು ಮಾತ್ರ ನನಗೆ ಗೊತ್ತಾಯಿತು. ಒಬ್ಬರಾದ ಮೇಲೆ ಒಬ್ಬರು ಅದನ್ನು ಹೇಳುತ್ತಿದ್ದರು.