ನಡೆಯುವ ತಿಪ್ಪೆ

ಅತ್ತೆ ನಮ್ಮ ಚಳ್ಳಕೆರೆಯ ಮನೆಗೆ ಬಂದ ದಿನ ಅವರ ಕೈಯಲ್ಲಿ ಕುರಿಹಿಕ್ಕೆಯ ಚೀಲವಿತ್ತೆಂದು ನನ್ನ ನೆನಪು. ಇರಲಿಲ್ಲ, ಅದನ್ನು ಆಮೇಲೆ ತಾನೇ ಬೈಕಿನಲ್ಲಿ ತಂದದ್ದು ಎನ್ನುತ್ತಾರೆ ನನ್ನ ಗಂಡ. ಅವರು ಹೇಳುವುದೇ ಸರಿಯಿರಬಹುದು. ಇಷ್ಟವಾದವರ ವಿಷಯದಲ್ಲಿ ನನ್ನ ನೆನಪು ಕೊಂಚ ಸಿಂಗಾರ ಮಾಡುತ್ತದೆ. ಇಲ್ಲಿಯೂ ಒಂದೆರಡು ವಿವರ ಹಿಂದುಮುಂದಾಗಿರಬಹುದು. ಆದರೆ ಹೊಸ್ತಿಲಲ್ಲಿ ಅವರು ಆಡಿದ ಮಾತಿನ ಬಗ್ಗೆ ಅನುಮಾನವಿಲ್ಲ: "ಸಂಕ್ರಾಂತಿ ಗಂಟ ಇರ್ತೀನಿ ಕಣಮ್ಮ. ಆಮ್ಯಾಲೆ ನೋಡಾನ."

ಅತ್ತೆ ಕುರಿ ಕಾದು ಬಾಳಿದವರು. ಕುದಾಪುರದ ಕಡೆಯ ಹುಲ್ಲುಗಾವಲಿನಲ್ಲಿ, ಮಂದೆಯ ಹಿಂದೆ ನಡೆದೇ ಅವರ ವಯಸ್ಸು ಕಳೆಯಿತು. ಈಗ ಕುರಿಗಳಿಲ್ಲ, ನಡಿಗೆ ಮಾತ್ರ ಉಳಿದಿದೆ. ಕೆಲಕಾಲ ಮೊಳಕಾಲ್ಮೂರಿನಲ್ಲಿ ಮಗ್ಗ ಹಾಕಿಕೊಂಡಿರುವ ನನ್ನ ಮೈದುನನ ಮನೆ, ಕೆಲಕಾಲ ನನ್ನಿವಾಳ ಎಂಬ ಊರಿನಲ್ಲಿರುವ ನನ್ನ ನಾದಿನಿಯ ಮನೆ. ಒಂದು ಹಬ್ಬಕ್ಕೆ ಬಂದರೆ ಇನ್ನೊಂದು ಹಬ್ಬಕ್ಕೆ ಹೊರಟಾಯಿತು. ಈ ಸಲ ನಮ್ಮಲ್ಲೇ ನಿಲ್ಲಲಿ ಎಂಬುದು ನನ್ನ ಆಸೆ. ಅವರ ಆರೋಗ್ಯಕ್ಕಾಗಿ ಎಂದು ಎಲ್ಲರಿಗೂ ಹೇಳುತ್ತೇನೆ. ನಿಜವಾಗಿ ನನಗಾಗಿಯೇ, ಅವರಿದ್ದರೆ ಹಗಲು ಚಿಕ್ಕದಾಗುತ್ತದೆ.

ಅವರು ಬರುವ ಮೊದಲೇ ನಾನು ಹಿತ್ತಲಲ್ಲಿ ಗೊಬ್ಬರದ ಗುಂಡಿ ತೋಡಿಸಿದ್ದೆ. ತರಕಾರಿ ಸಿಪ್ಪೆ, ಬೇವಿನ ತರಗು, ಎಣ್ಣೆ ಗಿರಣಿಯಿಂದ ತಂದ ಶೇಂಗಾ ಹೊಟ್ಟು, ಎಲ್ಲವನ್ನೂ ಪದರಪದರವಾಗಿ ತುಂಬಿ ಮಣ್ಣು ಮುಚ್ಚಿದ್ದೆ. ಅತ್ತೆ ನೋಡಿ ಕೇಳಿದರು: "ಇದನ್ನ್ಯಾಕೆ ಹೂತಿದೀಯ? ಸತ್ತೈತಾ?"

ಮರುದಿನವೇ ಎಲ್ಲವನ್ನೂ ಮೇಲೆತ್ತಿ, ಹಿಕ್ಕೆ ಬೆರೆಸಿ, ಕಾಂಪೌಂಡಿನ ಮೂಲೆಯಲ್ಲಿ ರಾಶಿ ಹಾಕಿದರು. ಕೆಲವು ದಿನ ಬಿಟ್ಟು ಆ ರಾಶಿಯನ್ನು ಪಕ್ಕಕ್ಕೆ ಸರಿಸಿದರು. ಮತ್ತೆ ಕೆಲವು ದಿನಕ್ಕೆ ಇನ್ನೂ ಪಕ್ಕಕ್ಕೆ. ಹಿಂದೆಲ್ಲ ಹೊಲದವರು ಕರೆದು ಕುರಿಮಂದೆಯನ್ನು ರಾತ್ರಿ ತಮ್ಮ ನೆಲದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರಂತೆ. ಇವತ್ತು ಇಲ್ಲಿ, ನಾಳೆ ಅದರ ಪಕ್ಕದಲ್ಲಿ. ಹಾಗೆ ಇಡೀ ಹೊಲಕ್ಕೆ ಗೊಬ್ಬರವಾಗುತ್ತಿತ್ತು. "ಒಂದೇ ಕಡೆ ನಿಂತ್ರೆ ಅಲ್ಲಿ ನೆಲ ಸುಡ್ತೈತೆ, ಉಳಿದದ್ದು ಹಸಕೊಂಡಿರ್ತೈತೆ" ಎಂದರು.

ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ ಕೆಣಕಿದಳು. "ಏನಜ್ಜಿ, ತಿಪ್ಪೆ ಮೇಯಿಸ್ತಿದೀರಾ?"

"ಹೂಂ ಕಣವ್ವ. ನಿಮ್ಮನೆ ಸಿಪ್ಪೇನೂ ತಂದಾಕು, ಇದಕ್ಕೆ ಹೊಟ್ಟೆ ತುಂಬಿಲ್ಲ."

ಅಂದಿನಿಂದ ಆಕೆಯೂ ಸಿಪ್ಪೆ ತಂದು ಸುರಿಯುತ್ತಾಳೆ.

ರಾಶಿ ಸರಿದ ಮೊದಲ ಜಾಗದಲ್ಲಿ ಅತ್ತೆ ಅಂದೇ ಮೆಂತ್ಯ ಚೆಲ್ಲಿದರು. ಮೊಳಕೆಯೇನೋ ಬಂತು, ಆಮೇಲೆ ಹಳದಿಯಾಗಿ ಮಲಗಿತು. ನೆಲದಲ್ಲಿ ಹಿಕ್ಕೆಯ ಕಾವು ಇನ್ನೂ ಇಳಿದಿರಲಿಲ್ಲ. ಅತ್ತೆ ಕುಕ್ಕರಗಾಲಲ್ಲಿ ಕೂತು, ಒಣಗಿದ ಎಳೆಯೊಂದನ್ನು ಬೆರಳಲ್ಲಿ ಹಿಡಿದು ನಕ್ಕರು.

"ಮಂದೆ ಎದ್ದ ಮ್ಯಾಲೆ ಎಷ್ಟು ದಿನಕ್ಕೆ ಬಿತ್ತಬೇಕು ಅಂತ ನಮಗೇನು ಗೊತ್ತು? ಅಷ್ಟೊತ್ತಿಗೆ ನಾವು ಮುಂದ್ಲೂರಿಗೆ ಹೋಗಿರ್ತಿದ್ವಿ. ಯಾವ ಹೊಲದಾಗೆ ಏನು ಬೆಳೀತೋ, ಒಂದೂ ಕಾಣಲಿಲ್ಲ ಕಣಮ್ಮ."

ಒಂದು ಬಾಳಿನುದ್ದಕ್ಕೂ ಊರೂರಿನ ಹೊಲಗಳಿಗೆ ಸತ್ವ ಕೊಟ್ಟವರು, ಒಂದು ಬೆಳೆಯನ್ನೂ ಕಣ್ಣಾರೆ ಕಂಡಿರಲಿಲ್ಲ. ಅದನ್ನು ಅವರು ದೂರಿನಂತೆ ಹೇಳಲಿಲ್ಲ. ಎದ್ದು ಸೆರಗು ಕೊಡವಿ, ಮುಂದಿನ ಜಾಗವನ್ನು ಆರಲು ಬಿಟ್ಟರು, ಅಷ್ಟೆ. ಅವರ ವಯಸ್ಸಿನಲ್ಲಿ ಹೀಗೆ ತಪ್ಪಿ, ನಕ್ಕು ಕಲಿಯುವುದು ನನಗೆ ಸಾಧ್ಯವಾದೀತೇ? ಅನುಮಾನ.

ಚಳಿ ಬಲಿತಂತೆ ಹಿತ್ತಲು ತುಂಬಿತು. ತಿಪ್ಪೆ ನಡೆದ ದಾರಿ ಈಗ ಸಾಲಾಗಿ ಕಾಣುತ್ತದೆ: ಮೂಲೆಯಲ್ಲಿ ಮಣ್ಣಿನಿಂದ ಭುಜ ತೋರುವ ಮೂಲಂಗಿ, ಆಮೇಲೆ ಪಾಲಕ್, ಆಮೇಲೆ ಮತ್ತೆ ಚೆಲ್ಲಿದ ಮೆಂತ್ಯ, ಈಗಷ್ಟೇ ಕಣ್ಣುಬಿಟ್ಟ ಕೊತ್ತಂಬರಿ. ಬೆಳಗ್ಗೆ ಅತ್ತೆ ಕಂಬಳಿ ಹೊದ್ದು ಹೋಗಿ ರಾಶಿ ಕೆದಕುತ್ತಾರೆ. ಹಬೆ ಏಳುತ್ತದೆ. ಎರಡೂ ಅಂಗೈಯನ್ನು ಅದಕ್ಕೆ ಒಡ್ಡಿ, ಹಿಂದಿರುಗಿ ಸಾಲನ್ನೊಮ್ಮೆ ನೋಡುತ್ತಾರೆ. ನಾನು ಅಡುಗೆಮನೆಯ ಕಿಟಕಿಯಿಂದ ಅವರನ್ನು ನೋಡುತ್ತೇನೆ, ಚಹಾ ಉಕ್ಕುತ್ತದೆ.

ಸಂಕ್ರಾಂತಿ ಕಳೆಯಿತು. ನಮ್ಮ ಮೂಲಂಗಿಯ ಪಲ್ಯವನ್ನೇ ಹಬ್ಬಕ್ಕೆ ಮಾಡಿದೆವು. ಮೊಳಕಾಲ್ಮೂರಿನಿಂದ ವಾರಗಿತ್ತಿ ಫೋನು ಮಾಡಿದಳು: "ಅತ್ತೇನ ಯಾವಾಗ ಕಳಿಸ್ತೀರಕ್ಕ? ಮಕ್ಳು ಕೇಳ್ತಾವೆ." ಅತ್ತೆಯನ್ನೇ ಕೇಳು ಎಂದು ಫೋನು ಅವರ ಕೈಗಿತ್ತೆ. "ಬರ್ತೀನಿ, ಬರ್ತೀನಿ" ಎಂದರು. ಯಾವಾಗ ಎಂದು ಹೇಳಲಿಲ್ಲ.

ಈಗ ತಿಪ್ಪೆ ಆಚೆ ಗೋಡೆಗೆ ತಾಗಿದೆ. ನಿನ್ನೆ ಸಂಜೆ ಅದರ ಪಕ್ಕದ ಆರಿದ ನೆಲದಲ್ಲಿ ಅತ್ತೆ ಬದನೆಯ ಸಸಿ ನೆಡುತ್ತಿದ್ದರು. ಬದನೆ ಮೆಂತ್ಯದಂತಲ್ಲ, ಕಾಯಿ ಕಾಣಲು ಶಿವರಾತ್ರಿಯಾದರೂ ದಾಟಬೇಕು. ಅದು ಅವರಿಗೂ ಗೊತ್ತು. ನಾನು ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದೆ. ಬೇಡಬೇಡವೆಂದರೂ ಮಾತು ಬಾಯಿಗೆ ಬಂದೇಬಿಟ್ಟಿತು. ಅವರು ಸಸಿಯ ಬುಡಕ್ಕೆ ಮಣ್ಣು ಒತ್ತುತ್ತಲೇ ಇದ್ದರು.

"ಕಾಯಿ ಬಿಡೋದು ನೋಡ್ಕೊಂಡೇ ಹೋಗ್ತೀರಾ, ಅತ್ತೆ?"