ಹಾಡಿನಲ್ಲಿ ಇಲ್ಲದ ಸೀಟಿ

ಕೊರೋನಾ ಮುಗಿದು ಜನ ಮತ್ತೆ ಮುಖ ತೋರಿಸಿಕೊಂಡು ಓಡಾಡತೊಡಗಿದ್ದ ವರ್ಷ ಅದು. ನಾನು ಬಾನುಲಿಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಧ್ವನಿಮುದ್ರಣದ ಕೆಲಸ ಮಾಡಿ ನಿವೃತ್ತಳಾಗಿ, ನಂಜನಗೂಡಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಪುಟ್ಟ ಸ್ಟುಡಿಯೋ ಇಟ್ಟುಕೊಂಡಿದ್ದೆ. ಕೆಲಸ ಮುಖ್ಯವಾಗಿ ಮಾಸ್ಟರಿಂಗ್. ಹಾಗೆಂದರೆ, ದನಿ, ವಾದ್ಯಗಳನ್ನೆಲ್ಲ ರೆಕಾರ್ಡ್ ಮಾಡಿ ಬೆರೆಸಿದ ಮೇಲೆ, ಹಾಡು ಲೋಕಕ್ಕೆ ಹೋಗುವ ಮುಂಚೆ ಕೊನೆಯದಾಗಿ ಅದರ ತೂಕ ನೋಡಿ ಸರಿಮಾಡುವುದು. ಮದುವಣಗಿತ್ತಿ ಮಂಟಪಕ್ಕೆ ಹೊರಡುವಾಗ ಯಾರೋ ಒಬ್ಬರು ಸೆರಗು ಸರಿಮಾಡಿ ಕಳಿಸುತ್ತಾರಲ್ಲ, ಅಂಥ ಕೆಲಸ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಕೂತರೆ ಎಲ್ಲರ ಮೇಲೂ ರೇಗುತ್ತೇನೆಂದು ಮನೆಯವರೇ ಆ ಕೋಣೆಯನ್ನು ಖಾಲಿ ಮಾಡಿಕೊಟ್ಟಿದ್ದರು.

ನನ್ನ ಹತ್ತಿರ ಬರುತ್ತಿದ್ದವರು ಯಾವ ಕಂಪನಿಯ ಹಂಗೂ ಇಲ್ಲದ ಹಾಡುಗಾರರು. ಹಾಡು ಬರೆಯುವವರೂ ಅವರೇ, ರಾಗ ಹಾಕುವವರೂ ಅವರೇ, ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ರೆಕಾರ್ಡ್ ಮಾಡಿ ಬೆರೆಸಿ ತಮ್ಮದೇ ಚಾನೆಲ್ಲಿಗೆ ಏರಿಸುವವರೂ ಅವರೇ. ಏರಿಸಿದ ಮೇಲೆ ಕೇಳುವವರು ಯಾರು? ಅಲ್ಲೇ ಬರುವುದು ತೊಂದರೆ. ಅದಕ್ಕೆಂದು ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕಿನ ಕೆಲವರು ಸೇರಿ 'ಹಾಡುಗಾರರ ಕಟ್ಟೆ' ಎಂಬ ಗ್ರೂಪು ಮಾಡಿಕೊಂಡಿದ್ದರು. ಪ್ರತಿ ಭಾನುವಾರ ಒಬ್ಬರ ಹಾಡಿನ ಸರದಿ. ಉಳಿದವರೆಲ್ಲ ಇಯರ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿ, ಹಾಡಿನ ಕೆಳಗೆ ವಿಮರ್ಶೆ ಬರೆಯಬೇಕು. ಮೆಚ್ಚಿದ್ದು ಒಂದು, ತಿದ್ದಬೇಕಾದ್ದು ಒಂದು. 'ಸೂಪರ್' ಎಂದು ಹೆಬ್ಬೆರಳು ಎತ್ತಿ ತಪ್ಪಿಸಿಕೊಳ್ಳುವಂತಿಲ್ಲ.

ಇಷ್ಟು ಚೆನ್ನಾಗಿತ್ತು. ಆದರೆ ಇನ್ನೊಂದು ಕಟ್ಟಳೆ ಇತ್ತು. ಶುರುವಿನಲ್ಲಿ ಇಬ್ಬರು ವಿಮರ್ಶೆಯ ಮೇಲೆ ಜಗಳವಾಡಿ, ಗ್ರೂಪು ಒಡೆದೇಹೋಗುವಷ್ಟು ರಂಪವಾಗಿತ್ತಂತೆ. ಆಮೇಲೆ ಎಲ್ಲರೂ ಒಪ್ಪಿ ಮಾಡಿಕೊಂಡ ನಿಯಮ ಇದು: ವಿಮರ್ಶೆಗೆ ಎದುರುತ್ತರ ಕೊಡಬಾರದು. 'ಸಂತೋಷ, ತಿದ್ದುತೀನಿ' ಎಂದಷ್ಟೇ ಬರೆಯಬೇಕು. ಒಬ್ಬರ ವಿಮರ್ಶೆಯನ್ನು ಇನ್ನೊಬ್ಬರು ಅಲ್ಲಗಳೆಯಲೂಬಾರದು. ಕೇಳುವುದಕ್ಕೆ ಎಷ್ಟು ಸಜ್ಜನಿಕೆಯ ಮಾತು! ನಾನೂ ಹಾಗೇ ಅಂದುಕೊಂಡಿದ್ದೆ.

ಆ ಕಟ್ಟೆಯ ಹಿರಿಯ ಮಹದೇವಪ್ರಸಾದ. ತಿ. ನರಸೀಪುರದಲ್ಲಿ ಬೈಕ್ ರಿಪೇರಿ ಅಂಗಡಿ, ನಲವತ್ತು ದಾಟಿದ ವಯಸ್ಸು, ಮಠದ ಭಜನೆಯಲ್ಲಿ ಹಾರ್ಮೋನಿಯಂ ನುಡಿಸುತ್ತ ಬೆಳೆದವನು. ಹಾಡುಗಾರನಾಗಿ ಸುಮಾರು, ಕೇಳುಗನಾಗಿ ಅಸಾಧ್ಯ. ಇಂಜಿನ್ನಿನ ಸದ್ದು ಕೇಳಿ ಕಾಯಿಲೆ ಹೇಳುವ ಹಾಗೆ ಹಾಡಿನ ಕಾಯಿಲೆಯನ್ನೂ ಹೇಳುತ್ತಿದ್ದ. 'ಎರಡನೇ ಚರಣದಲ್ಲಿ ಉಸಿರು ತಗೊಳ್ಳೋ ಸದ್ದು ಪದದ ಮೇಲೆ ಬಿದ್ದಿದೆ' ಎಂದು ಅವನು ಬರೆದರೆ, ಹೌದು, ಬಿದ್ದಿರುತ್ತಿತ್ತು. ಎಲ್ಲರಿಗೂ ಪ್ರಸಾದಣ್ಣನ ವಿಮರ್ಶೆ ಬಂದರೇ ಸಮಾಧಾನ.

ಒಂದು ಸೋಮವಾರ ಹದಿನಾರು ಎಂಬ ಊರಿನ ಪುಟ್ಟರಾಜುವಿನ ಹಾಡು ಮಾಸ್ಟರಿಂಗಿಗೆ ಬಂತು. ಪುಟ್ಟರಾಜು ಊರಿನ ಡೈರಿಯಲ್ಲಿ ಹಾಲು ಅಳೆಯುವವನು, ದನಿ ಬೆಲ್ಲದಂಥದ್ದು. ಹಾಡು ಹಾಕಿದೆ, ಹೆಡ್‌ಫೋನ್ ಕಿತ್ತೆಸೆಯಬೇಕೆನಿಸಿತು. ಸ್ಟೀರಿಯೋ ಎಂದರೆ ಎಡ ಕಿವಿಗೊಂದು, ಬಲ ಕಿವಿಗೊಂದು ಎಂದು ಹಾಡು ಎರಡು ದಾರಿಯಲ್ಲಿ ಹರಿಯುವುದು. ಎರಡೂ ಸಮತೂಕದಲ್ಲಿದ್ದರೆ ಹಾಡುಗಾರ ನಮ್ಮೆದುರಿಗೆ ಕೂತ ಹಾಗಿರುತ್ತದೆ. ಇಲ್ಲಿ ಸದ್ದಿನ ಮಟ್ಟ ತೋರಿಸುವ ಎಡಗಡೆಯ ಮೀಟರು ಕೆಂಪಿಗೆ ಹೋಗಿ ಕೂತಿತ್ತು. ತಾಳದ ಸದ್ದು ಸೂಜಿಯ ಹಾಗೆ ಎಡ ಕಿವಿಗೆ ಚುಚ್ಚುತ್ತಿತ್ತು. ಬಲಗಡೆ ಬಡಪಾಯಿ ಮೂಲೆಯಲ್ಲಿ ಬಿದ್ದಿತ್ತು. ಫೋನು ಮಾಡಿ ಸರಿಯಾಗಿ ಬೈದೆ.

"ನಾನೇನ್ ಮಾಡ್ಲಿ ಮೇಡಂ? ಎಡಗಡೆ ಏನೂ ಕೇಳ್ತಿಲ್ಲ, ಜಾಸ್ತಿ ಮಾಡು ಅಂತ ಪ್ರಸಾದಣ್ಣ ಬರ್ದವ್ರೆ. ಎಲ್ಡು ಸಲ ಜಾಸ್ತಿ ಮಾಡ್ದೆ. ಇನ್ನೂ ಸಾಲ್ದು ಅಂದ್ರು."

"ನಿನಗೆ ಕಿವಿ ಇಲ್ಲವೇನೋ?"

"ಅವ್ರು ಯೋಳುದ್ಮೇಲೆ ನಮ್ದೇನ್ ಮೇಡಂ?"

ಹಾಡನ್ನು ಸರಿಮಾಡಿ ಕಳಿಸಿದೆ. ಪ್ರಸಾದನ ಇಯರ್‌ಫೋನ್ ಕೆಟ್ಟಿರಬೇಕು, ಅಷ್ಟೆ ಅಂದುಕೊಂಡೆ. ಆದರೆ ಮುಂದಿನ ವಾರ ಬದನವಾಳಿನಿಂದ ಒಂದು ಹಾಡು ಬಂತು, ಬಿಳಿಗೆರೆಯಿಂದ ಮತ್ತೊಂದು. ಎರಡೂ ಎಡಕ್ಕೆ ವಾಲಿದ್ದವು. ಪ್ರಸಾದನದೇ ಹೊಸ ಹಾಡು ಕೇಳಿದರೆ ಅದು ಎಲ್ಲಕ್ಕಿಂತ ಹೆಚ್ಚು ಎಡಕ್ಕೆ. ಹೊಸ ಹುಡುಗರು ಅದನ್ನೇ ಒಂದು ಶೈಲಿ ಎಂದು ತಿಳಿದು ತಮ್ಮ ಹಾಡುಗಳನ್ನೂ ಹಾಗೇ ಬೆರೆಸುತ್ತಿದ್ದರು. ನನಗೆ ನಗು ಬಂತು, ಸಿಟ್ಟೂ ಬಂತು.

ಬೈಯುವ ಮುನ್ನ ಅವನು ಏನೇನು ಬರೆದಿದ್ದಾನೆ ನೋಡೋಣವೆಂದು ಅವನ ಹಳೆಯ ವಿಮರ್ಶೆಗಳನ್ನು ಓದುತ್ತ, ಆಯಾ ಹಾಡುಗಳ ಮೊದಲ ರೂಪವನ್ನು ಕೇಳುತ್ತ ಹೋದೆ. ಒಂದೂವರೆ ವರ್ಷದ ಹಿಂದಿನವು ಕರಾರುವಾಕ್ಕು. ಆಮೇಲೆ 'ಎಡಗಡೆ ಸ್ವಲ್ಪ ಮಂಕು'. ಕೆಲವು ತಿಂಗಳ ನಂತರ 'ಎಡಗಡೆ ತಾಳ ಕೇಳುತ್ತಿಲ್ಲ'. ಮತ್ತೂ ಕೆಲವು ತಿಂಗಳಿಗೆ 'ಎಡಗಡೆ ಕೊಳಲೇ ಇಲ್ಲ'. ಹಾಡು ಯಾರದಾದರೂ ದೂರು ಒಂದೇ. ಇದರ ನಡುವೆ ಇನ್ನೊಂದು ಮಾತು ಮೇಲಿಂದ ಮೇಲೆ ಬರುತ್ತಿತ್ತು: 'ಹಿಂದೆ ಸಣ್ಣಗೆ ಸೀಟಿ ಊದಿದ ಹಾಗೆ ಒಂದು ಸದ್ದು ಇದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡೋದ್ರಿಂದ ಬರ್ತಿರಬೇಕು. ತೆಗೀರಿ.'

ನಾನು ಆ ಹಾಡುಗಳನ್ನು ಒಂದೊಂದಾಗಿ ದೊಡ್ಡ ಸ್ಪೀಕರಿನಲ್ಲಿ ಹಾಕಿದೆ. ಹೆಡ್‌ಫೋನಿನಲ್ಲಿ ಕೇಳಿದೆ. ಯಾವ ಹಾಡಿನಲ್ಲೂ ಸೀಟಿ ಇರಲಿಲ್ಲ. ಕೆಟ್ಟ ಇಯರ್‌ಫೋನ್ ಇರುವ ಸದ್ದನ್ನು ನುಂಗಬಹುದು. ಹೀಗೆ ತಿಂಗಳುಗಟ್ಟಲೆ ಒಂದೇ ಸಮನೆ ಸೀಟಿ ಊದುವುದಿಲ್ಲ. ಬೈಯಬೇಕೆಂದು ಎತ್ತಿಕೊಂಡಿದ್ದ ಫೋನನ್ನು ಕೆಳಗಿಟ್ಟೆ. ಇದು ಫೋನಿನಲ್ಲಿ ಆಡುವ ಮಾತಲ್ಲ ಎನ್ನಿಸಿ ಮಾರನೆಯ ಬೆಳಿಗ್ಗೆಯೇ ತಿ. ನರಸೀಪುರದ ಬಸ್ಸು ಹತ್ತಿದೆ.

ಪ್ರಸಾದ ಅಂಗಡಿಯಲ್ಲಿದ್ದ. ನನ್ನನ್ನು ಕಂಡು ಸಂಭ್ರಮಪಟ್ಟು, ಗ್ರೀಸಿನ ಕೈ ಒರೆಸಿಕೊಂಡು, ಅಂಗಡಿಯ ಹಿಂದೆಯೇ ಇದ್ದ ಮನೆಗೆ ಕರೆದುಕೊಂಡು ಹೋದ. ಅವನ ಹೆಂಡತಿ ಭಾಗ್ಯ ಕಾಫಿ ತಂದಳು. ನಾನು ಬಂದ ಕಾರಣ ಹೇಳದೆ, ಪುಟ್ಟರಾಜುವಿನ ಸರಿಮಾಡಿದ ಹಾಡನ್ನು ನನ್ನ ಫೋನಿನಲ್ಲಿ ಹಾಕಿ, ನನ್ನದೇ ಹೊಸ ಇಯರ್‌ಫೋನ್ ಕೊಟ್ಟೆ.

"ಅದೇ ಕತೆ ಮೇಡಂ. ಎಡಗಡೆ ಸತ್ತೋಗದೆ. ಸೀಟಿ ಬೇರೆ," ಎಂದ.

ನಮ್ಮ ಕಸುಬಿನಲ್ಲಿ ಒಂದು ಕಡೆ ಸದ್ದು ಹೋದರೆ ಮೊದಲು ಮಾಡುವ ಪರೀಕ್ಷೆ ಒಂದಿದೆ. ಇಯರ್‌ಫೋನನ್ನು ತಿರುಗಿಸಿ ಹಾಕುವುದು. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ. ದೋಷ ಹಾಡಿನಲ್ಲೋ ತಂತಿಯಲ್ಲೋ ಇದ್ದರೆ ಅದೂ ಜೊತೆಗೆ ಬಲಗಡೆಗೆ ಹೋಗುತ್ತದೆ. "ತಿರುಗಿಸಿ ಹಾಕ್ಕೊಳ್ಳಪ್ಪ" ಎಂದೆ. ಹಾಕಿಕೊಂಡ. ಹುಬ್ಬು ಗಂಟಾಯಿತು. ಮತ್ತೆ ಮೊದಲಿನ ಹಾಗೆ ಹಾಕಿದ. ಮತ್ತೆ ತಿರುಗಿಸಿದ.

"ಇದೇನ್ ಮೇಡಂ, ಇವಾಗ್ಲೂ ಎಡಗಡೇನೇ ಇಲ್ಲ?"

ನಾನು ಫೋನಿನಲ್ಲಿ ಹಾಡು ನಿಲ್ಲಿಸಿದೆ. "ಸೀಟಿ ಈಗಲೂ ಕೇಳ್ತಾ ಇದೆಯೇನಪ್ಪಾ?"

"ಕೇಳ್ತದೆ."

ಫೋನಿನಿಂದ ಇಯರ್‌ಫೋನಿನ ತಂತಿಯನ್ನು ಕಿತ್ತು, ಅದರ ತುದಿಯನ್ನು ಅವನ ಕಣ್ಣೆದುರಿಗೆ ಹಿಡಿದೆ. "ಈಗ?"

ಅವನು ಆ ತುದಿಯನ್ನು ಮುಟ್ಟಿ ನೋಡಿ, "ಈಗ್ಲೂ ಕೇಳ್ತದೆ," ಎಂದ. ಮುಖದಲ್ಲಿ ರಕ್ತವಿರಲಿಲ್ಲ. ನಾನು ಬೆಂಕಿ ಬಿದ್ದ ಸ್ಟುಡಿಯೋ ನೋಡಿದವಳು, ನೇರಪ್ರಸಾರದ ನಡುವೆ ಹಾಡುಗಾರರು ಕುಸಿದದ್ದನ್ನು ಕಂಡವಳು. ಅಷ್ಟು ಹೆದರಿದ್ದು ಆವತ್ತೇ. ಇಷ್ಟು ದಿನ ಅಂಗಡಿಯ ಗಲಾಟೆಯಲ್ಲಿ ಅವನಿಗೆ ಆ ಸೀಟಿ ಗೊತ್ತಾಗುತ್ತಿರಲಿಲ್ಲ, ಮನೆಯಲ್ಲಿ ಫ್ಯಾನಿನ ಸದ್ದು ಅಂದುಕೊಂಡಿದ್ದ, ಹಾಡು ಕೇಳುವಾಗ ಹಾಡಿನ ದೋಷ ಅಂದುಕೊಂಡಿದ್ದ.

ಬಾಗಿಲಲ್ಲಿ ನಿಂತಿದ್ದ ಭಾಗ್ಯ ಸೆರಗು ಬಾಯಿಗೊತ್ತಿಕೊಂಡಳು. "ಫೋನು ಬಂದ್ರೆ ಬಲಗಡೆಗೇ ಇಟ್ಕೊತಾರೆ ಮೇಡಂ. ಎಡಗಡೆಯಿಂದ ಕೂಗುದ್ರೆ ತಿರ್ಗೂ ನೋಡಲ್ಲ, ಸಿಟ್ಟೇನೋ ಅನ್ಕಂಡಿದ್ದೆ. ನಡಿಯೋವಾಗ ವಾಲ್ತಾರೆ. ಗ್ಯಾಸು ಅಂತ ಮಾತ್ರೆ ನುಂಗವ್ರೆ ಅಷ್ಟೆ."

ಮೈಸೂರಿನ ದೊಡ್ಡ ಆಸ್ಪತ್ರೆಗೆ ಅವರ ಜೊತೆ ನಾನೂ ಹೋದೆ. ಶ್ರವಣ ಪರೀಕ್ಷೆ, ಸ್ಕ್ಯಾನು ಎಲ್ಲ ಆಯಿತು. ಎಡ ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಗಡ್ಡೆ ಬೆಳೆದಿತ್ತು. ಕ್ಯಾನ್ಸರ್ ಅಲ್ಲ, ಆದರೆ ಬೆಳೆದು ಬೆಳೆದು ಮಿದುಳಿನ ಬುಡವನ್ನು ಒತ್ತತೊಡಗಿತ್ತು. ಇನ್ನು ತಡಮಾಡಿದರೆ ಜೀವಕ್ಕೇ ಅಪಾಯ, ಶಸ್ತ್ರಚಿಕಿತ್ಸೆ ಆಗಲೇಬೇಕು ಎಂದರು. ಕಿವಿಯ ಗತಿಯೇನೆಂದು ಪ್ರಸಾದ ಕೇಳಿದ. ವೈದ್ಯರು ಸುತ್ತಿಬಳಸಿ ಮಾತಾಡುವವರಲ್ಲ. "ಗಡ್ಡೆ ಚಿಕ್ಕದಿದ್ದಾಗ ಬಂದಿದ್ರೆ ಕಿವಿ ಉಳಿಸೋ ಪ್ರಯತ್ನ ಮಾಡಬಹುದಿತ್ತು. ಈಗ ಎಡಗಿವಿಯ ಆಸೆ ಬಿಟ್ಟುಬಿಡಿ," ಎಂದರು.

ಪ್ರಸಾದನ ಒಪ್ಪಿಗೆ ಪಡೆದು ಗ್ರೂಪಿನವರಿಗೆ ನಾನೇ ವಿಷಯ ತಿಳಿಸಿದೆ. ಎಲ್ಲರೂ ದಿಗ್ಭ್ರಮೆಗೊಂಡರು. ಆಮೇಲೆ ಒಬ್ಬೊಬ್ಬರಾಗಿ ಬಾಯಿಬಿಡುತ್ತ ಹೋದಾಗ ದಿಗ್ಭ್ರಮೆಗೊಳ್ಳುವ ಸರದಿ ನನ್ನದಾಯಿತು. ಆ ಸೀಟಿ ಅವರಲ್ಲಿ ಒಬ್ಬರಿಗೂ ಯಾವತ್ತೂ ಕೇಳಿರಲಿಲ್ಲ! ತನ್ನ ಇಯರ್‌ಫೋನೇ ಸರಿಯಿಲ್ಲವೆಂದು ಪುಟ್ಟರಾಜು ಹೊಸದು ಕೊಂಡಿದ್ದ. ಬಿಳಿಗೆರೆಯವನು ತನ್ನ ಕಿವಿಯೇ ಕೆಟ್ಟಿದೆಯೆಂದು ಹೆದರಿ ವೈದ್ಯರಿಗೆ ತೋರಿಸಿಕೊಂಡು ಬಂದಿದ್ದ. ಬದನವಾಳಿನ ಹೆಣ್ಣುಮಗಳು ಇಲ್ಲದ ಸೀಟಿಯನ್ನು ತೆಗೆಯಲು ದಿನವಿಡೀ ಹೆಣಗಾಡಿ, 'ಸಂತೋಷ ಅಣ್ಣ, ತೆಗೆದಿದ್ದೇನೆ' ಎಂದು ಬರೆದಿದ್ದಳು. ಕೆಟ್ಟಿದ್ದ ಒಂದೇ ಒಂದು ಕಿವಿಯನ್ನು ಬಿಟ್ಟು ಉಳಿದ ಎಲ್ಲ ಕಿವಿಗಳ ಮೇಲೂ ಇವರಿಗೆ ಅನುಮಾನ. ಕಾಯಿಲೆಯ ಕಿವಿಗೆ ಹಿಡಿಸುವ ಹಾಗೆ ಇಷ್ಟೂ ಜನ ತಮ್ಮ ಹಾಡುಗಳನ್ನೇ ಸೊಟ್ಟ ಮಾಡಿಕೊಂಡು ಕೂತಿದ್ದರು. ನಾನು ಎಂಥೆಂಥ ಕೆಲಸಗೇಡಿಗಳನ್ನು ನೋಡಿದ್ದೇನೆ. ಇಷ್ಟೊಂದು ಒಳ್ಳೆಯವರು ಸೇರಿ ಇಷ್ಟು ದೊಡ್ಡ ಕೆಡುಕಾಗಲು ಬಿಟ್ಟದ್ದನ್ನು ನೋಡಿರಲಿಲ್ಲ.

ಶಸ್ತ್ರಚಿಕಿತ್ಸೆ ಆಯಿತು. ಜೀವ ಉಳಿಯಿತು. ಎಡ ಕಿವಿ ಹೋಯಿತು, ಪೂರ್ತಿಯಾಗಿ. ಗ್ರೂಪಿನವರು ಸರದಿಯ ಮೇಲೆ ಆಸ್ಪತ್ರೆಯಲ್ಲಿ ಕೂತರು, ಅಂಗಡಿ ನೋಡಿಕೊಂಡರು. ಒಳ್ಳೆಯ ಜನವೇ, ಅದರಲ್ಲಿ ಎರಡು ಮಾತಿಲ್ಲ. ಎದುರುತ್ತರ ಕೊಡಬಾರದೆಂಬ ಕಟ್ಟಳೆಯನ್ನು ತೆಗೆದುಹಾಕಿದರು. ಈಗ ಒಬ್ಬರು ಒಂದು ದೋಷ ಬರೆದರೆ, ಅದು ತಮಗೆ ಕೇಳಿತೋ ಇಲ್ಲವೋ ಎಂದು ಉಳಿದವರು ಹೇಳಲೇಬೇಕು. ಆಗೊಮ್ಮೆ ಈಗೊಮ್ಮೆ ಜಗಳವೂ ಆಗುತ್ತದೆ. ಆಗಲಿ ಬಿಡಿ.

ಮೂರ್ನಾಲ್ಕು ತಿಂಗಳ ಮೇಲೆ ಪ್ರಸಾದ ಪುಟ್ಟರಾಜುವನ್ನು ಕರೆದುಕೊಂಡು ನನ್ನ ಸ್ಟುಡಿಯೋಗೆ ಬಂದ. ಇಳಿದುಹೋಗಿದ್ದ, ಆದರೆ ನಡಿಗೆ ಸರಿಯಾಗಿತ್ತು. ಪುಟ್ಟರಾಜುವಿನ ಹೊಸ ಹಾಡನ್ನು ಸ್ಪೀಕರಿಗೆ ಹಾಕಿದೆ. ಬಲ ಕಿವಿಯನ್ನು ಮುಂದೆ ಮಾಡಿ, ಕುತ್ತಿಗೆ ವಾರೆಯಾಗಿ ಇಟ್ಟುಕೊಂಡು ಕೊನೆಯವರೆಗೂ ಕೇಳಿದ. ಹಾಡು ಮುಗಿದ ಮೇಲೆ ಪುಟ್ಟರಾಜುವಿನ ಕಡೆ ತಿರುಗಿ ಕೇಳಿದ: "ಲೇ ಪುಟ್ರಾಜ, ಆ ಸೀಟಿ ನಿಂಗ್ ಕೇಳ್ತಿರ್ಲಿಲ್ಲ ಅಲ್ವಾ? ಒಂದ್ ಸಲ, ಒಂದೇ ಒಂದ್ ಸಲ, 'ಯಾವ್ ಸೀಟಿ ಅಣ್ಣ' ಅಂತ ಯಾಕ್ಲಾ ಕೇಳ್ಲಿಲ್ಲ?"

ಪುಟ್ಟರಾಜು ತಲೆ ತಗ್ಗಿಸಿದ. "ನಿಮ್ಗೆ ಬೇಜಾರಾಯ್ತದೆ ಅಂತ ಅಣ್ಣ."

ಪ್ರಸಾದ ಕೋಪ ಮಾಡಿಕೊಳ್ಳಲಿಲ್ಲ. ಅವನ ಎಡಗಡೆ ಕೂತಿದ್ದ ಪುಟ್ಟರಾಜು ಅಷ್ಟು ಮೆತ್ತಗೆ ಆಡಿದ ಮಾತು ಅವನಿಗೆ ಕೇಳಿಸಿರಲೇ ಇಲ್ಲ. ಏನಂದನೆಂದು ನನ್ನ ಮುಖ ನೋಡಿದ. ಅದನ್ನು ನಾನು ಗಟ್ಟಿಯಾಗಿ, ಅವನ ಬಲ ಕಿವಿಗೆ ಹೇಳಬೇಕಾಯಿತು.

ಇಷ್ಟು ವರ್ಷ ನನ್ನ ಕೆಲಸವೆಂದರೆ ನನಗೆ ಕೇಳಿದ್ದನ್ನು ಮುಲಾಜಿಲ್ಲದೆ ಹೇಳುವುದು ಎಂದುಕೊಂಡಿದ್ದೆ. ಅದು ಅರ್ಧ ಕೆಲಸ ಮಾತ್ರ. ಕೇಳದೆ ಇದ್ದದ್ದನ್ನು ಕೇಳಲಿಲ್ಲ ಎಂದು, ಹೇಳಬೇಕಾದವರ ಎದುರಿಗೇ, ಹೊತ್ತು ಮೀರುವ ಮೊದಲೇ ಹೇಳಬೇಕು. ಬೇಜಾರಾದರೆ ಆಗಲಿ. ಬೇಜಾರು ಎರಡು ದಿನಕ್ಕೆ ಹೋಗುತ್ತದೆ, ಹೋದ ಕಿವಿ ಬರುವುದಿಲ್ಲ.