ಪಿಳ್ಳಪ್ಪನ ಕಾರಿನ ಸುಳ್ಳು ಮುಳ್ಳುಗಳು

ಕೊಡಿಗೇಹಳ್ಳಿಯ ಪಿಳ್ಳಪ್ಪನವರಿಗೆ ದ್ರಾಕ್ಷಿ ತೋಟವಿತ್ತು, ಹೆಣ್ಣುಮಕ್ಕಳ ಮದುವೆ ಮುಗಿದಿತ್ತು, ಬಾವಿಯಲ್ಲಿ ನೀರಿತ್ತು. ಸುಖವಾಗಿರಲು ಇಷ್ಟು ಸಾಕು. ಆದರೆ ಸುಖ ಹೆಚ್ಚಾದ ಮನುಷ್ಯ ಸುಮ್ಮನಿರುವುದಿಲ್ಲ, ಹಳೇ ಕಾರು ಕೊಳ್ಳುತ್ತಾನೆ. ಎಪ್ಪತ್ತೇಳನೇ ಇಸವಿಯಲ್ಲಿ ಅವರು ನಿವೃತ್ತ ಮಿಲಿಟರಿ ಅಧಿಕಾರಿಯೊಬ್ಬರಿಂದ ತಿಳಿನೀಲಿ ಬಣ್ಣದ ವಿಲಾಯಿತಿ ಕಾರೊಂದನ್ನು ತಂದು ಹಿತ್ತಲಲ್ಲಿ, ಎತ್ತುಗಳ ಪಕ್ಕದಲ್ಲಿ ನಿಲ್ಲಿಸಿದರು.

ನಾನು ಧಾರವಾಡದ ಕಡೆಯವನು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಗುಮಾಸ್ತನಾಗಿದ್ದು, ಅವರ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದೆ. ಕಾರಿನ ಮೂತಿ ಸರಿಯಾಗಿ ನನ್ನ ಕಿಟಕಿಗೇ ಇತ್ತು. ಮುಂಜಾನೆ ಅದು ಹೊಗೆ ಬಿಟ್ಟರೆ ಮೊದಲು ಕೆಮ್ಮುವವನು ನಾನು. ಸಿಟ್ಟು ತಡೆಯಲಾರದೆ ಒಂದು ದಿನ ಕೇಳಿಯೇಬಿಟ್ಟೆ: "ಯಾಕ್ರೀ ಗೌಡ್ರ, ನಿಮಗ ಎತ್ತಿನ ಗಾಡಿ ಸಾಲಂಗಿಲ್ಲೇನು?"

"ನಮ್ಮ ಗೌರಮ್ಮ ಮದ್ವೆಯಾದಾಗ್ನಿಂದ ತಲೆ ಮ್ಯಾಲೆ ದ್ರಾಕ್ಷಿ ಕುಕ್ಕೆ ಒತ್ಕೊಂಡು ಓಡಾಡವ್ಳೆ ಸಾ. ಇನ್ಮೇಲಾದ್ರೂ ಕುಂತ್ಕೊಂಡು ಓಡಾಡ್ಲಿ" ಎಂದರು.

ಗೌರಮ್ಮನೂ ಕಾರನ್ನು ಮೆಚ್ಚಿಕೊಂಡರು. ಮರುವರ್ಷದ ಆಯುಧಪೂಜೆಯವರೆಗೂ ಎಲ್ಲ ಚೆನ್ನಾಗಿತ್ತು.

ಆ ಮನೆಯಲ್ಲಿ ಆಯುಧಪೂಜೆ ಎಂದರೆ ಬಣ್ಣ. ಗಾಡಿ ಚಕ್ರ, ಕಿಟಕಿ ಸರಳು, ಪಂಪ್‌ಮನೆ ಬಾಗಿಲು, ಎಲ್ಲಕ್ಕೂ ಹಸಿರು ಪೇಂಟು ಬೀಳಲೇಬೇಕು. ಡಬ್ಬದಲ್ಲಿ ಇನ್ನೂ ಮಿಕ್ಕಿತ್ತು. ಪಿಳ್ಳಪ್ಪನವರು ಧೂಳು ಹೊಡೆಯಲೆಂದು ಸ್ಟೀರಿಂಗ್ ಹಿಂದಿನ ಮೀಟರುಗಳನ್ನು ಬಿಚ್ಚಿಟ್ಟು ತೋಟಕ್ಕೆ ಹೋಗಿದ್ದರು. ಗೌರಮ್ಮ ಸೆರಗು ಸಿಕ್ಕಿಸಿಕೊಂಡು, ಮೀಟರುಗಳ ಹಿಂದಿನ ತಗಡಿಗೂ ಮೂಲೆ ಬಿಡದೆ ಬಣ್ಣ ಬಳಿದರು. ಕಿಟಕಿಯಿಂದ ನೋಡುತ್ತಿದ್ದ ನಾನು, "ಅಲ್ಲಿ ಯಾರು ನೋಡ್ತಾರ್ರೀ ಅಕ್ಕಾರ?" ಎಂದೆ. "ಚಾಮುಂಡಮ್ಮ ನೋಡಾಕಿಲ್ವಾ?" ಎಂದರು. ಬಣ್ಣ ಒಣಗಿದ ಮೇಲೆ ಪಿಳ್ಳಪ್ಪನವರು ಎಲ್ಲವನ್ನೂ ಅದರ ಮೇಲೇ ಕೂರಿಸಿ ಸ್ಕ್ರೂ ಬಿಗಿದರು. ಪೂಜೆಯಾಯಿತು, ಬೂದುಗುಂಬಳಕಾಯಿ ಒಡೆದದ್ದೂ ಆಯಿತು.

ಅಂದಿನಿಂದ ಮೀಟರಿನ ಮುಳ್ಳುಗಳಿಗೆ ಭ್ರಮೆ ಹಿಡಿಯಿತು. ಟ್ಯಾಂಕ್ ತುಂಬಿಸಿದರೆ ಪೆಟ್ರೋಲ್ ಮುಳ್ಳು ಕೊನೆಯ ಗೀಟನ್ನೂ ದಾಟಿ ಮೀಟರಿನ ಅಂಚಿಗೆ ಒರಗುತ್ತಿತ್ತು. ಬಿಸಿ ತೋರಿಸುವ ಮುಳ್ಳು ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೆಂಪಿಗೆ ಏರುತ್ತಿತ್ತು. ಪಿಳ್ಳಪ್ಪನವರು ಗಾಬರಿಯಾಗಿ ಇಳಿದು ರೇಡಿಯೇಟರ್ ನೋಡಿದರೆ ನೀರು ತುಂಬಿಯೇ ಇರುತ್ತಿತ್ತು. ಪೂಜಾರಿ ದೃಷ್ಟಿ ಎಂದು ನಿಂಬೆಹಣ್ಣು ಕಟ್ಟಿದ. ನಾನಂತೂ, "ಆ ಮುಳ್ಳು ಕಿತ್ತು ಒಗೀರಿ" ಎಂದೆ.

ಅನಾಹುತವಾದದ್ದು ಗೌರಮ್ಮನ ತಂಗಿಯ ಗೃಹಪ್ರವೇಶದ ದಿನ. ರೇಷ್ಮೆ ಸೀರೆ ಉಟ್ಟು ಯಲಹಂಕಕ್ಕೆ ಹೊರಟಿದ್ದರು. ಜಕ್ಕೂರಿನ ಹತ್ತಿರ ಪೆಟ್ರೋಲ್ ಮುಗಿದು ಕಾರು ನಿಂತಿತು. ಮುಳ್ಳು ಮಾತ್ರ ಕಾಲು ಟ್ಯಾಂಕ್ ಇದೆ ಎನ್ನುತ್ತಲೇ ಇತ್ತು! ಕೊನೆಗೆ ಗೌರಮ್ಮ ಯಲಹಂಕ ಮುಟ್ಟಿದ್ದು ಕೋಳಿಗೊಬ್ಬರದ ಟ್ರ್ಯಾಕ್ಟರಿನಲ್ಲಿ. ತಂಗಿ ಮೂಗು ಮುಚ್ಚಿಕೊಂಡೇ ಅಕ್ಕನನ್ನು ಒಳಗೆ ಕರೆದಳಂತೆ.

"ಇನ್ನು ಆ ಕಾರಿಗೆ ಕಾಲಿಟ್ರೆ ನಾನು ನಮ್ಮಪ್ಪನ ಮಗಳೇ ಅಲ್ಲ" ಎಂದು ಗೌರಮ್ಮ ಆಣೆ ಇಟ್ಟರು. ಅಂದಿನಿಂದ ಅವರಿಗೆ ಬಸ್ಸೇ ಗತಿ. ಪಿಳ್ಳಪ್ಪನವರು ಅದೇ ಬಸ್ಸಿನ ಹಿಂದೆ ಖಾಲಿ ಕಾರು ಓಡಿಸಿಕೊಂಡು ಹೋಗುತ್ತಿದ್ದರು, ಆಕೆ ಎಲ್ಲಿಯಾದರೂ ಇಳಿದು ಬಂದು ಕೂತಾಳೇನೋ ಎಂಬ ಆಸೆಯಿಂದ. ಊರೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಸಂಜೆ ಅವರು ಹಿತ್ತಲಲ್ಲಿ ಆ ಖಾಲಿ ಸೀಟಿನ ಧೂಳು ಒರೆಸುವುದನ್ನು ಕಂಡ ಮೇಲೆ ನಗಲಾಗಲಿಲ್ಲ.

ಆರ್.ಟಿ. ನಗರದಿಂದ ಗಯಾಸ್‌ನನ್ನು ಕರೆಸಿದ್ದು ನಾನೇ. ಕಾರಿನ ವೈರಿಂಗ್ ಬಿಟ್ಟರೆ ಬೇರೇನನ್ನೂ ಮುಟ್ಟದವನು, ಕೆಲಸಕ್ಕಿಂತ ಒಂದು ಕೈ ಹೆಚ್ಚು ಬಾಯಿ. ಬಂದವನೇ ಪೆಟ್ರೋಲ್ ಟ್ಯಾಂಕಿನ ವೈರ್ ಕಳಚಿದ. ಮುಳ್ಳು ನಿಧಾನವಾಗಿ ಕೆಳಗಿಳಿದು ಮಲಗಿತು. ವೈರ್ ಮತ್ತೆ ಸಿಕ್ಕಿಸಿದ, ಮುಳ್ಳು ಮತ್ತೆ ಮೇಲೇರಿತು. "ವೈರ್ ಸರಿ ಐತೆ. ಮೀಟರೂ ಜೀವಂತ. ಎರಡೂ ಮುಳ್ಳು ಒಂದೇ ದಿನ ಕೆಟ್ವಾ ಅಣ್ಣ?"

"ಊಂ ಕಣಪ್ಪ. ಎರಡೂ ಒಂದೇ ಕಿತ" ಎಂದರು ಪಿಳ್ಳಪ್ಪನವರು.

"ಹಂಗಾದ್ರೆ ರೋಗ ಅವೆರಡಕ್ಕೂ ಅಲ್ಲ. ಎರಡಕ್ಕೂ ಊಟ ಹಾಕೋನಿಗೆ."

ಮೀಟರುಗಳ ಹಿಂದೆ ಬೆಂಕಿಪೊಟ್ಟಣದಷ್ಟು ದೊಡ್ಡ ತಗಡಿನ ಡಬ್ಬಿಯೊಂದಿತ್ತು. ಬ್ಯಾಟರಿಯ ಕರೆಂಟನ್ನು ತಡೆತಡೆದು ಎರಡೂ ಮುಳ್ಳುಗಳಿಗೆ ಹದವಾಗಿ ಕೊಡುವುದು ಅದರ ಕೆಲಸ. ಗಯಾಸ್ ಅದಕ್ಕೆ ತನ್ನ ಪುಟ್ಟ ಬಲ್ಬು ಹಿಡಿದ. ಬಲ್ಬು ಒಂದೇ ಸಮನೆ ಉರಿಯಿತು. "ಇದು ಕಣ್ಣು ಮಿಟುಕಿಸ್ಬೇಕು. ಮಿಟುಕಿಸ್ತಿಲ್ಲ. ಡಬ್ಬಿಗೆ ಕಾರ್ ಬಾಡಿಯಿಂದ ಅರ್ತ್ ಸಿಗ್ತಿಲ್ಲ, ಅದಕ್ಕೇ ಕರೆಂಟ್ ತಡೀದೆ ಪೂರಾ ಬಿಡ್ತೈತೆ" ಎಂದವನು ಡಬ್ಬಿ ಬಿಚ್ಚಿ ಕೂಗಿದ. "ಯಾ ಅಲ್ಲಾ! ಮಧ್ಯ ಪೇಂಟ್ ಇದ್ರೆ ಡಬ್ಬಿ ತಗಡಿಗೆ ಹೆಂಗೆ ತಾಗ್ತದೆ? ಇಲ್ಲಿ ಪೇಂಟ್ ಹೊಡ್ದಿರೋ ಬುದ್ಧಿವಂತ ಯಾರು?"

ಗೌರಮ್ಮ ಕಾಫಿ ಲೋಟ ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು. ಮುಖ ಬಿಳಚಿಕೊಂಡಿತು. ನಾನು ಬಾಯಿ ತೆರೆಯುವ ಮೊದಲೇ ಪಿಳ್ಳಪ್ಪನವರು, "ನಾನೇ ಕಣಪ್ಪ" ಎಂದರು.

ಗಯಾಸ್‌ಗೆ ಅಷ್ಟು ಸಾಕಾಯಿತು. ಬಣ್ಣ ಕೆರೆಯುತ್ತ, ತಗಡು ಹೊಳೆಯುವಂತೆ ಉಜ್ಜುತ್ತ, ಡಬ್ಬಿ ಬಿಗಿಯುತ್ತ ಬೈದ. ಬಲ್ಬು ಮಿಣುಕು ಮಿಣುಕು ಎಂದಿತು. ಪೆಟ್ರೋಲ್ ಮುಳ್ಳು ಮೆಲ್ಲಗೆ ಇಳಿದು ಖಾಲಿ ಗೀಟಿನ ಪಕ್ಕ ನಿಂತಿತು. ಆದರೂ ಅವನ ಬಾಯಿ ನಿಲ್ಲಲಿಲ್ಲ. ಬೇಲಿಯಾಚೆ ಸೇರಿದ್ದವರಿಗೂ ಕೇಳುವಂತೆ, "ಕಿಟಕಿ ಯಾವುದು ಕಾರ್ ಯಾವುದು ಗೊತ್ತಿಲ್ದೋರಿಗೆಲ್ಲ ಕಾರ್ ಯಾಕೆ? ಈ ಅಣ್ಣನ ಕೈಗೆ ಬ್ರಷ್ ಕೊಟ್ರೆ ಎಮ್ಮೆಗೂ ಹೊಡೀತಾರೆ!" ಎಂದ.

"ನಮ್ಗೆ ಬುದ್ಧಿ ಒಸಿ ಕಮ್ಮಿನೇ ಬಿಡಪ್ಪ" ಎಂದು ಪಿಳ್ಳಪ್ಪನವರು ನಕ್ಕರು.

ಗೌರಮ್ಮ ಲೋಟವನ್ನು ಠಣ್ಣನೆ ಕೆಳಗಿಟ್ಟರು. "ಸಾಕು ಸುಮ್ಕಿರಪ್ಪ! ಬಳ್ದವ್ಳು ನಾನು. ನನ್ನ ಯಾರೂ ಅನ್ಬಾರ್ದು ಅಂತ ಅವ್ರು ಸುಳ್ಳು ಯೋಳ್ತಾವ್ರೆ. ಅವ್ರನ್ನ ಇನ್ನೊಂದು ಮಾತು ಅಂದೀಯಾ, ನೋಡು!"

ಗಯಾಸ್ ಅವಸರದಲ್ಲಿ ಬಲ್ಬು, ವೈರುಗಳನ್ನು ಚೀಲಕ್ಕೆ ತುಂಬತೊಡಗಿದ. ಗೌರಮ್ಮ ಸೀದಾ ಹೋಗಿ ಕಾರಿನ ಮುಂದಿನ ಬಾಗಿಲು ತೆರೆದು ಕೂತರು. ಪಿಳ್ಳಪ್ಪನವರು ನಂಬಲಾರದೆ, "ಎಲ್ಲಿಗೆ?" ಎಂದರು.

"ಪೆಟ್ರೋಲ್ ಬಂಕಿಗೆ. ಮುಳ್ಳು ಖಾಲಿ ಅಂತೈತೆ, ಕಾಣಾಕಿಲ್ವಾ?"

ಪಿಳ್ಳಪ್ಪನವರು ಓಡಿಹೋಗಿ ಪಕ್ಕದಲ್ಲಿ ಕೂತು, ಸಂತೋಷಕ್ಕೆ ಕೀ ಹಾಕುವ ಜಾಗವೇ ಸಿಗದೆ ತಡಕಾಡಿದರು.